ವಿಪಿಎನ್ ಹಾಕಿದೊಡನೆ ನೆಟ್ ನಿಧಾನ: ಎನ್‌ಕ್ರಿಪ್ಶನ್ ತಗ್ಗಿಸಬಹುದೇ?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಲೆಕ್ಕಪರಿಶೋಧನಾ ಕಚೇರಿಗೆ 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಬೆಳಗಾವಿಯ ಶಾಖೆಯೊಂದಿಗೆ ಕಡತಗಳನ್ನು ಹಂಚಿಕೊಳ್ಳಲು ರೂಟರ್‌ನಲ್ಲೇ ಓಪನ್‌ವಿಪಿಎನ್ (ಇಂಟರ್‌ನೆಟ್ ಮೂಲಕ ಎನ್‌ಕ್ರಿಪ್ಟ್ ಆದ ಖಾಸಗಿ ದಾರಿ, ಅಂದರೆ ವಿಪಿಎನ್, ಕಟ್ಟಿಕೊಡುವ ತಂತ್ರಾಂಶ) ಹಾಕಿಸಿದ್ದೇವೆ. ಅದರ ಮೂಲಕ ವೇಗ 15 ಎಂಬಿಪಿಎಸ್ ದಾಟುತ್ತಿಲ್ಲ. 256 ಬಿಟ್ ಕೀಲಿಯ ಎನ್‌ಕ್ರಿಪ್ಶನ್ (ಗೂಢಲಿಪಿ) ವಿಧಾನವಾದ ಎಇಎಸ್-256 ಬದಲು ಎಇಎಸ್-128 ಸಾಕೆಂದು ಒಬ್ಬರು, ಹಳೆಯ ಟ್ರಿಪಲ್ ಡಿಇಎಸ್ ಇನ್ನೂ ಹಗುರವೆಂದು ಮತ್ತೊಬ್ಬರು ಹೇಳುತ್ತಾರೆ. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರಗಳು ಇದೇ ದಾರಿಯಲ್ಲಿ ಹೋಗುತ್ತವೆ. ಏನು ಮಾಡಬೇಕು?

ಉತ್ತರ: ಎಇಎಸ್-128ಕ್ಕೆ ಇಳಿಯುವುದರಲ್ಲಿ ಅಪಾಯವಿಲ್ಲ, ಆದರೆ ನೀವು ಬಯಸುವಷ್ಟು ಲಾಭವೂ ಇಲ್ಲ. ಹದಿನಾರು ಬೈಟ್‌ಗಳ ಪ್ರತಿಯೊಂದು ತುಣುಕನ್ನು ಎಇಎಸ್-128 ಹತ್ತು ಸುತ್ತು ಸಂಸ್ಕರಿಸಿದರೆ ಎಇಎಸ್-256 ಹದಿನಾಲ್ಕು ಸುತ್ತು ಸಂಸ್ಕರಿಸುತ್ತದೆ. ಆದ್ದರಿಂದ ನಿಮ್ಮ 15 ಎಂಬಿಪಿಎಸ್ ಬಹಳವೆಂದರೆ 21ಕ್ಕೆ ಏರೀತು, ಬೇರೆ ಕೆಲಸಗಳ ಹೊರೆ ಹಾಗೆಯೇ ಉಳಿಯುವುದರಿಂದ ಅಷ್ಟೂ ಏರಲಿಕ್ಕಿಲ್ಲ.

ಟ್ರಿಪಲ್ ಡಿಇಎಸ್ ಸಲಹೆಯನ್ನು ಮಾತ್ರ ಕೈಬಿಡಿ. ಹಳೆಯದಾದ ಮಾತ್ರಕ್ಕೆ ಅದು ಹಗುರವಲ್ಲ: ಎಂಟೇ ಬೈಟ್‌ಗಳ ತುಣುಕಿಗೆ ನಲವತ್ತೆಂಟು ಸುತ್ತು ಬೇಕಾಗುವುದರಿಂದ ಸಾಫ್ಟ್‌ವೇರ್‌ನಲ್ಲಿ ಅದು ಎಇಎಸ್‌ಗಿಂತ ನಿಧಾನ. ತುಣುಕು ಅಷ್ಟು ಚಿಕ್ಕದಾದ ಕಾರಣ, ಒಂದೇ ಕೀಲಿಯಲ್ಲಿ ಭಾರೀ ಪ್ರಮಾಣದ ದತ್ತಾಂಶ ಹರಿದರೆ ಮಾಹಿತಿ ಸೋರಬಹುದೆಂದು 2016ರಲ್ಲಿ ಸ್ವೀಟ್32 ದಾಳಿ ತೋರಿಸಿಕೊಟ್ಟಿತು.

ನಿಜವಾದ ಅಡಚಣೆ ಕೀಲಿಯ ಉದ್ದದಲ್ಲಿಲ್ಲ, ಆ ಲೆಕ್ಕಾಚಾರ ಎಲ್ಲಿ ನಡೆಯುತ್ತದೆ ಎಂಬುದರಲ್ಲಿದೆ. ಕಡಿಮೆ ಬೆಲೆಯ ಅನೇಕ ರೂಟರ್‌ಗಳ ಪ್ರೊಸೆಸರ್‌ನಲ್ಲಿ ಎಇಎಸ್‌ಗೆಂದೇ ಮೀಸಲಾದ ಆದೇಶಗಳಿರುವುದಿಲ್ಲ. ಜೊತೆಗೆ ಸಾಂಪ್ರದಾಯಿಕ ಓಪನ್‌ವಿಪಿಎನ್ ಪ್ರತಿ ಪ್ಯಾಕೆಟನ್ನೂ (ದತ್ತಾಂಶದ ಪೊಟ್ಟಣ) ಕರ್ನಲ್‌ನಿಂದ, ಅಂದರೆ ಆಪರೇಟಿಂಗ್ ಸಿಸ್ಟಂನ ಒಳತಿರುಳಿನಿಂದ, ಹೊರತಂದು, ಒಂದೇ ಕೋರ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ, ಮತ್ತೆ ಒಳಕ್ಕೆ ಕಳುಹಿಸುತ್ತದೆ. ದೊಡ್ಡ ಕಡತವೊಂದನ್ನು ಕಳುಹಿಸುತ್ತಿರುವಾಗಲೇ ರೂಟರ್‌ಗೆ ಲಾಗಿನ್ ಆಗಿ ‘ಟಾಪ್’ ಆದೇಶ ಕೊಟ್ಟು ನೋಡಿ. ಓಪನ್‌ವಿಪಿಎನ್ ಒಂದು ಕೋರನ್ನು ಪೂರ್ತಿ ನುಂಗಿದ್ದರೆ ಕಾರಣ ಸಿಕ್ಕಿತು. ಪ್ರೊಸೆಸರ್ ಬಿಡುವಾಗಿಯೇ ಇದ್ದರೆ ಎರಡೂ ಕಡೆಯ ಅಪ್‌ಲೋಡ್ ವೇಗವನ್ನು, ಆಮೇಲೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಮಿತಿ) ಗಾತ್ರವನ್ನು ಪರೀಕ್ಷಿಸಿ. ವಿಪಿಎನ್ ತನ್ನ ಹೆಡರ್ ಸೇರಿಸಿದಾಗ ಪ್ಯಾಕೆಟ್ ಮಿತಿ ಮೀರಿ ಎರಡು ತುಂಡಾಗುತ್ತಿರಲೂಬಹುದು.

ಪ್ರೊಸೆಸರ್ ಕಾರಣವಾದರೆ ನನ್ನ ಆಯ್ಕೆ ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್. 2020ರಲ್ಲಿ ಲಿನಕ್ಸ್ ಕರ್ನಲ್ 5.6ರೊಳಗೇ ಸೇರಿದ ಇದು ಚಾಚಾ20 ಎಂಬ ವಿಧಾನವನ್ನು ಬಳಸುತ್ತದೆ. ಕೀಲಿ 256 ಬಿಟ್‌ಗಳದ್ದೇ ಆದರೂ ಬರೀ ಕೂಡುವ, ಬಿಟ್‌ಗಳನ್ನು ಸರಿಸುವ ಸರಳ ಲೆಕ್ಕಗಳಾದ್ದರಿಂದ ಬಡ ಪ್ರೊಸೆಸರ್‌ನಲ್ಲೂ ಚುರುಕಾಗಿ ನಡೆಯುತ್ತದೆ. ನಿಮ್ಮ ರೂಟರ್ ಇದನ್ನು ಒಪ್ಪದಿದ್ದರೆ, ಎಇಎಸ್-ಎನ್‌ಐ (ಪ್ರೊಸೆಸರ್‌ನಲ್ಲೇ ಇರುವ ಎಇಎಸ್ ಆದೇಶಗಳು) ಸೌಲಭ್ಯವಿರುವ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ವಿಪಿಎನ್ ಕೆಲಸವನ್ನು ವಹಿಸಿ, ರೂಟರನ್ನು ಅದರ ಪಾಡಿಗೆ ಬಿಡಿ.

ವೈಫೈನ ಡಬ್ಲ್ಯುಪಿಎ2-ಎಇಎಸ್ ಆಯ್ಕೆಯನ್ನು, ವೇಗದ ಆಸೆಗೆ, ಯಾರು ಹೇಳಿದರೂ ಟಿಕೆಐಪಿ ಎಂಬ ಹಳೆಯ ವಿಧಾನಕ್ಕೆ ಬದಲಿಸಬೇಡಿ. ಅಲ್ಲಿ ಎನ್‌ಕ್ರಿಪ್ಶನ್ ಕೆಲಸವನ್ನು ವೈಫೈ ಚಿಪ್ಪೇ ಮಾಡಿಕೊಳ್ಳುತ್ತದೆ, ಮತ್ತು ಟಿಕೆಐಪಿ ಆರಿಸಿದರೆ ಸಂಪರ್ಕದ ವೇಗ 54 ಎಂಬಿಪಿಎಸ್‌ಗೆ ಕುಸಿಯುತ್ತದೆ.