ತಾರಸಿ ಸೋರುತ್ತಿದೆ: ಎಲ್ಲ ಒಡೆಸಿ ಹೊಸದಾಗಿ ಮಾಡಿಸಬೇಕೇ, ಮೇಲೆ ಶೀಟ್ ಹಾಕಿಸಬೇಕೇ?

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ 30x40 ಸೈಟು, ಮನೆಗೆ ಇಪ್ಪತ್ತೆರಡು ವರ್ಷ, ಹೋದ ಮಳೆಗಾಲದಿಂದ ರೂಮಿನ ಸೀಲಿಂಗ್ ಒದ್ದೆ ಎಂದು ಬರೆದಿದ್ದೀರಿ. ಒಬ್ಬ ಕಂಟ್ರಾಕ್ಟರ್ ಹಳೆಯದರ ಮೇಲೇ ಇನ್ನೊಂದು ಪದರ ಗಾರೆ ಹಾಕೋಣ ಅಂದರಂತೆ, ಇನ್ನೊಬ್ಬರು ಟ್ರಸ್ (ಕಬ್ಬಿಣದ ಚೌಕಟ್ಟು) ನಿಲ್ಲಿಸಿ ಪೂರ್ತಿ ಶೀಟ್ ಹೊದಿಸೋಣ ಅಂದರಂತೆ. ಇಬ್ಬರಿಗೂ ಅಡ್ವಾನ್ಸ್ ಕೊಡಬೇಡಿ. ನೀರು ಎಲ್ಲಿಂದ ಇಳಿಯುತ್ತಿದೆ ಅನ್ನುವುದನ್ನು ಅವರಿಬ್ಬರೂ ನೋಡಿಯೇ ಇಲ್ಲ.

ರಾಜಾಜಿನಗರದ ನಮ್ಮ ಮನೆಯಲ್ಲಿ ಇದೇ ತಪ್ಪಾಯಿತು. ಎರಡು ಬೇಸಿಗೆ ಸಾಲಾಗಿ ತಾರಸಿಗೆಲ್ಲ ವಾಟರ್‌ಪ್ರೂಫ್ ಪೇಂಟ್ ಬಳಿಸಿದೆವು. ಎರಡು ಸಲವೂ ಸೆಪ್ಟೆಂಬರ್ ಹೊತ್ತಿಗೆ ಅಮ್ಮ ಹಾಸಿಗೆ ಪಕ್ಕ ಬಕೆಟ್ ಇಡಬೇಕಾಯಿತು. ಮೂರನೆಯ ವರ್ಷ ಬಂದ ವಯಸ್ಸಾದ ಮೇಸ್ತ್ರಿಯೊಬ್ಬರು ಕೆಲಸಕ್ಕೆ ಕೈ ಹಾಕುವ ಮೊದಲು ಕೇಳಿದ್ದು ಒಂದೇ ಮಾತು: 'ಮಳೆ ಇಲ್ಲದ ದಿನವೂ ತೊಟ್ಟಿಕ್ಕುತ್ತಾ?' ಹೌದು, ತೊಟ್ಟಿಕ್ಕುತ್ತಿತ್ತು. ಸೋರುತ್ತಿದ್ದದ್ದು ತಾರಸಿಯಲ್ಲ, ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿನ ಜಾಯಿಂಟು. ನೀರು ಟ್ಯಾಂಕಿನ ಕಟ್ಟೆಯ ಬುಡದಲ್ಲಿ ಇಂಗಿ, ಮೋಲ್ಡ್ (ಕಾಂಕ್ರೀಟ್ ಚಾವಣಿ) ಒಳಗೇ ಹರಿದು ಎರಡು ಮಾರು ಆಚೆ ತೊಟ್ಟಿಕ್ಕುತ್ತಿತ್ತು. ಅದಕ್ಕೇ ಹೇಳುವುದು, ಸೀಲಿಂಗಿನಲ್ಲಿ ಕಲೆ ಇರುವ ಜಾಗದ ನೇರ ಮೇಲೆಯೇ ಬಿರುಕು ಇರಬೇಕೆಂದಿಲ್ಲ.

ಹಾಗಾಗಿ ಮೊದಲು ನೀರು ಕಟ್ಟಿ ನೋಡಿ. ತಾರಸಿ ಗುಡಿಸಿ, ಒಂದು ಭಾಗಕ್ಕೆ ಮಣ್ಣಿನ ಸಣ್ಣ ಬದು ಕಟ್ಟಿ, ಅಲ್ಲಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದಂಗುಲ ನೀರು ನಿಲ್ಲಿಸಿ ಎರಡು ದಿನ ಬಿಡಿ. ಕೆಳಗೆ ಹೊಸ ಒದ್ದೆ ಕಾಣದಿದ್ದರೆ ಪಕ್ಕದ ಭಾಗಕ್ಕೆ ಹೋಗಿ. ಆದರೆ ಸೀಲಿಂಗಿನಲ್ಲಿ ಕಂಬಿ ಕಾಣುತ್ತಿದ್ದರೆ, ಗಾರೆ ಉಬ್ಬಿ ಉದುರುತ್ತಿದ್ದರೆ ಈ ಪರೀಕ್ಷೆ ಬೇಡವೇ ಬೇಡ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ. ಅಂಥ ರೂಮಿನಲ್ಲಿ ಯಾರನ್ನೂ ಮಲಗಿಸದೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅದರ ಮೇಲೆ ಬರೀ ಪ್ಲಾಸ್ಟರ್ ಮೆತ್ತಿ ಪೇಂಟ್ ಹೊಡೆಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಸಾಮಾನ್ಯವಾಗಿ ನೀರು ಇಳಿಯುವುದು ತಾರಸಿಯ ನಟ್ಟನಡುವೆ ಅಲ್ಲ, ಅಂಚಿನಲ್ಲಿ. ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆ, ಮಳೆನೀರಿನ ಪೈಪಿನ ಬಾಯಿಯ ಸುತ್ತ, ಸೋಲಾರ್ ಹೀಟರ್ ಸ್ಟ್ಯಾಂಡಿಗೆ ಬೋಲ್ಟ್ ಹೊಡೆದ ಜಾಗ, ಎಂದೋ ತೆಗೆದ ಡಿಶ್ ಬಿಟ್ಟುಹೋದ ತೂತು, ಗೋಡೆ ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟ ಕಡೆ. ಸಸಿಯನ್ನು ಮೇಲೆ ಚಿವುಟಿದರೆ ಮತ್ತೆ ಚಿಗುರುತ್ತದೆ, ಸಂದಿ ಬಿಡಿಸಿ ಬೇರು ಸಮೇತ ತೆಗೆಸಿ. ಮೂಲೆಗಳಲ್ಲಿ ಗಾರೆಯನ್ನು ದುಂಡಗೆ ತಿರುವಿ, ಅದರ ಮೇಲೆ ನೈಲಾನ್ ಮೆಶ್ ಕೂರಿಸಿ ವಾಟರ್‌ಪ್ರೂಫ್ ಕೋಟಿಂಗ್ ಕೊಡಿಸಿ. ಎಷ್ಟೋ ಮನೆಗಳ ಸೋರಿಕೆ ಇಷ್ಟಕ್ಕೇ ನಿಲ್ಲುತ್ತದೆ.

ಹಳೆಯದರ ಮೇಲೆ ಹೊಸ ಪದರ ಅಂದರಲ್ಲ, ಅದಕ್ಕೆ ನನ್ನ ವಿರೋಧವಿದೆ. ಇಟ್ಟಿಗೆ ಚೂರು, ಗಾರೆ ಸೇರಿಸಿ ನಾಲ್ಕಂಗುಲ ಹಾಕಿದರೆ ಹತ್ತಡಿಗೆ ಹತ್ತಡಿ ರೂಮಿನ ಮೇಲೇ ಒಂದೂವರೆ ಟನ್‌ಗಿಂತ ಹೆಚ್ಚು ಭಾರ ಕೂರುತ್ತದೆ. ಓಡಾಡುವ ತಾರಸಿಗೆ ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಈ ಒಂದು ಪದರವೇ ಅದನ್ನು ಮೀರುತ್ತದೆ, ಅದೂ ದಿನವಿಡೀ, ವರ್ಷವಿಡೀ. ಸಾಲದ್ದಕ್ಕೆ ಕೆಳಗಿನ ಪದರದಲ್ಲಿ ನಿಂತ ನೀರು ಆರಲು ದಾರಿಯೇ ಇರುವುದಿಲ್ಲ. ಹಳೆಯ ಪದರ ಟೊಳ್ಳಾಗಿದೆಯೇ ಎಂದು ಕೋಲಿನಿಂದ ತಟ್ಟಿ ನೋಡಿ, ಡಬಡಬ ಅಂದ ಜಾಗ ಕೆತ್ತಿಸಿ. ಬಹುಪಾಲು ಹಾಗೇ ಇದ್ದರೆ ಪೂರ್ತಿ ತೆಗೆಸಿ, ನೀರು ಪೈಪಿನ ಬಾಯಿಯ ಕಡೆ ಹರಿಯುವಂತೆ ವಾಟ ಕೊಟ್ಟು ಹೊಸದಾಗಿ ಮಾಡಿಸಿ. ನೂರು ಅಡಿಗೆ ಒಂದಡಿಯಾದರೂ ಇಳಿಜಾರು ಬೇಕು. ನೀರು ನಿಲ್ಲುವ ತಾರಸಿಯಲ್ಲಿ ಎಷ್ಟೇ ಒಳ್ಳೆಯ ಕೋಟಿಂಗ್ ಆದರೂ ಬೇಗ ಏಳುತ್ತದೆ.

ಶೀಟ್ ವಿಷಯ. ಬಟ್ಟೆ ಒಣಗಿಸಲು ನೆರಳು ಬೇಕಿದ್ದರೆ ಹಾಕಿಸಿ, ಆದರೆ ಸೋರಿಕೆಗೆ ಅದು ಔಷಧಿ ಅಲ್ಲ. ಮೇ ತಿಂಗಳ ಸಂಜೆಯ ಗಾಳಿಮಳೆಗೆ ನೀರು ಬದಿಯಿಂದ ಹೊಡೆಯುತ್ತದೆ, ಟ್ರಸ್ ಕಂಬಗಳಿಗಾಗಿ ತಾರಸಿಯಲ್ಲಿ ಇನ್ನಷ್ಟು ತೂತು ಬೀಳುತ್ತವೆ.

ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ನಮ್ಮೂರಿಗೆ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದರೆ ಮೇನಲ್ಲೇ ಶುರುವಾಗಿಬಿಡುತ್ತದೆ. ಗಾರೆಗೆ ಕನಿಷ್ಠ ಏಳು ದಿನ ನೀರು ಹಾಕಿ, ಆಮೇಲೆ ಚೆನ್ನಾಗಿ ಒಣಗಲು ಬಿಟ್ಟು ಕೋಟಿಂಗ್ ಬಳಿಸಿ. ಉರಿಬಿಸಿಲಲ್ಲಿ ಬೇಡ, ಬೆಳಿಗ್ಗೆ ಬೇಗ ಮುಗಿಸಲಿ. ಒಂದು ಕೈ ಉದ್ದಕ್ಕೆ ಬಳಿದರೆ ಇನ್ನೊಂದು ಕೈ ಅಡ್ಡಕ್ಕೆ. ಬಿಳಿ ಬಣ್ಣ ಆರಿಸಿದರೆ ಮೇಲಿನ ರೂಮಿನ ಸೆಖೆಯೂ ಕಡಿಮೆಯಾಗುತ್ತದೆ. ಕೊಟೇಶನ್‌ನಲ್ಲಿ ಮಾಲಿನ ಹೆಸರು, ಎಷ್ಟು ಕೋಟ್, ಎಷ್ಟು ಚದರಡಿ ಎಂಬುದೆಲ್ಲ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ನೀರು ಕಟ್ಟಿ ನೋಡಿ, ಕೊನೆಯ ಕಂತು ಆಮೇಲೆ ಕೊಡಿ.

ಆಮೇಲಿನ ಆರೈಕೆ ಕಷ್ಟವೇನಲ್ಲ. ಪೈಪಿನ ಬಾಯಿಗೆ ಜಾಲರಿ ಹಾಕಿ, ಮೇ ಮೊದಲ ವಾರ ಮತ್ತು ಪ್ರತಿ ದೊಡ್ಡ ಮಳೆ ಆದ ಮೇಲೆ ಎಲೆ ತೆಗೆಯಿರಿ. ರಸ್ತೆಯಲ್ಲಿ ಹೊಂಗೆ, ಗುಲ್‌ಮೊಹರ್ ಇದ್ದರಂತೂ ವಾರಕ್ಕೊಮ್ಮೆ. ಹೂಕುಂಡಗಳನ್ನು ನೆಲಕ್ಕೆ ತಾಗದಂತೆ ಸ್ಟ್ಯಾಂಡ್ ಮೇಲಿಡಿ. ಹೇಗೂ ಪೈಪು ಸರಿ ಮಾಡಿಸುತ್ತೀರಿ, ಆಗಲೇ ಒಂದು ಫಿಲ್ಟರ್ ಹಾಕಿಸಿ ಮಳೆನೀರನ್ನು ನೆಲದಡಿಯ ಸಂಪ್ ಟ್ಯಾಂಕಿಗೆ ತಿರುಗಿಸಿ. ಸಾವಿರ ಚದರಡಿ ತಾರಸಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಜೋಡಣೆ ಹೇಗಿರುತ್ತದೆಂದು ಅಲ್ಲಿ ಕಣ್ಣಾರೆ ನೋಡಬಹುದು.

ನಿಮ್ಮ ಸೀಲಿಂಗಿನ ಕಲೆ ಯಾವ ಮೂಲೆಯಲ್ಲಿದೆ, ಅದರ ಆಸುಪಾಸಿನಲ್ಲಿ ಟ್ಯಾಂಕ್ ಅಥವಾ ಸೋಲಾರ್ ಇದೆಯೇ, ಮಳೆ ಬಿಟ್ಟ ದಿನವೂ ಒದ್ದೆಯೇ? ಈ ಮೂರನ್ನು ಬರೆಯಿರಿ, ನನಗೆ ತೋಚಿದ್ದನ್ನು ಹೇಳುತ್ತೇನೆ.