ಆಫ್ರಿಕಾ ಸಫಾರಿ ಟೀವಿಲಿ ತೋರ್ಸೋ ಥರಾನೇ ಇರುತ್ತಾ, ಅಷ್ಟು ದುಡ್ಡು ಹಾಕಿ ಹೋಗ್ಬಹುದಾ?

ಕಬಿನಿಗೆ ನಾಲ್ಕು ಸಲ ಹೋದ್ರೂ ಹುಲಿ ಸಿಗದ ನಾವು ಕೀನ್ಯಾಗೆ ಹೋಗಿ ಏನು ನೋಡ್ತೀವಿ, ಟೀವಿಲಿ ಬರೋ ಆ ವೈಲ್ಡ್‌ಬೀಸ್ಟ್ (ದನದ ಥರ ಕಾಣೋ ದೊಡ್ಡ ಜಿಂಕೆ ಜಾತಿ) ಹಿಂಡು ಮಾರಾ ನದಿ ದಾಟೋ ಸೀನ್ ನಿಜವಾಗ್ಲೂ ಸಿಗುತ್ತಾ, ಇಲ್ಲಾ ಹೊಳೇಲಿ ಹುಣಸೇಹಣ್ಣು ಕಿವುಚಿದಂಗೆ ಆಗುತ್ತಾ ಅಂತ ಕೇಳಿದೀರ. ನಾನೂ ಮೈಸೂರಿನವ್ನೇ, ಹುಲಿ ವಿಷ್ಯದಲ್ಲಿ ನಿಮಗಿಂತ ದೊಡ್ಡ ನತದೃಷ್ಟ, ಏಳು ಸಫಾರಿ, ಸೊನ್ನೆ ಹುಲಿ. 2024ರ ಆಗಸ್ಟಲ್ಲಿ ಹೆಂಡತಿ ಜೊತೆ ಕೀನ್ಯಾದ ಮಸಾಯ್ ಮಾರಾ ಅನ್ನೋ ಕಾಡುಪ್ರಾಣಿ ರಿಸರ್ವ್‌ಗೆ ಹೋಗಿದ್ದೆ, ಆ ಐದು ದಿನದ ಮೇಲೆ ಹೇಳ್ತಿದೀನಿ.

ಪ್ರಾಣಿ ಸಿಗುತ್ತಾ ಅನ್ನೋ ಚಿಂತೆ ಮೊದಲು ಬಿಡಿ. ನಮ್ಮ ಕಡೆ ಸಫಾರಿ ಅಂದ್ರೆ ಕಿವಿ ಕೆಲಸ ಅಲ್ವಾ, ಎಲ್ಲೋ ಮುಸಿಯ ಕೂಗ್ತು, ಕಡವೆ ಕಾಲ್ ಬಂತು, ಡ್ರೈವರು ಇಂಜಿನ್ ಆಫ್ ಮಾಡಿ ಬೆರಳು ಎತ್ತಿದ್ರೆ ಎಲ್ಲರೂ ಉಸಿರು ಹಿಡ್ಕೊಂಡು ಲಂಟಾನ ಪೊದೆನೇ ದಿಟ್ಟಿಸ್ತಾ ಕೂರೋದು. ಅಲ್ಲಿ ಹಂಗಲ್ಲ, ಬಯಲು, ಮಂಡಿಯುದ್ದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಜಾತಿ ಮರ, ಎರಡು ಕಿಲೋಮೀಟರ್ ದೂರದಲ್ಲಿರೋ ಜಿರಾಫೆನೂ ಬರಿಗಣ್ಣಿಗೆ ಕಾಣುತ್ತೆ. ಮಾರಾದ ಸೆಕೆನಾನಿ ಗೇಟ್ ದಾಟಿ ಒಂದು ಗಂಟೆ ಒಳಗೆ ಜೀಬ್ರಾ, ಕಾಡೆಮ್ಮೆ, ಆನೆ, ಸಿಂಹ ಎಲ್ಲಾ ಆಗೋಯ್ತು, ನಮ್ಮವಳು "ಇನ್ನು ನಾಲ್ಕು ದಿನ ಏನು ಮಾಡೋದು" ಅಂತ ಕೇಳಿದ್ಲು, ತಮಾಷೆಗಲ್ಲ.

ಆನೆ ವಿಷ್ಯದಲ್ಲಿ ನಂಗೆ ಸರಿಯಾಗಿ ಮಾನ ಹೋಯ್ತು. ಹನ್ನೆರಡು ಆನೆ ಹಿಂಡು ಬರ್ತಿತ್ತು, ದೊಡ್ಡವು ಎಲ್ಲದಕ್ಕೂ ದಂತ, ನಾನು ನಾಗರಹೊಳೆ ಅನುಭವಸ್ಥ ಅನ್ನೋ ಗತ್ತಲ್ಲಿ "ಇಷ್ಟೊಂದು ಗಂಡಾನೆ ಒಟ್ಟಿಗೇನಾ" ಅಂದೆ. ಗೈಡು ನಕ್ಕ, ಅವೆಲ್ಲಾ ಅಮ್ಮ, ಅಕ್ಕ, ಚಿಕ್ಕಮ್ಮ ಅಂತೆ, ಆಫ್ರಿಕಾದ ಹೆಣ್ಣಾನೆಗೂ ದಂತ ಇರುತ್ತೆ. ಓದಿ ಗೊತ್ತಿದ್ದ ವಿಷ್ಯಾನೇ, ಆದ್ರೆ ಕಣ್ಣಿಗೆ ಅಭ್ಯಾಸ ಇರ್ಲಿಲ್ಲ. ಸಿಂಹದ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ, ದಿನಕ್ಕೆ ಇಪ್ಪತ್ತು ಗಂಟೆವರೆಗೂ ಮಲಗೋ ಪ್ರಾಣಿ, ಮುಖದ ತುಂಬ ನೊಣ, ಹೊಟ್ಟೆ ಮೇಲೆ ಮಾಡ್ಕೊಂಡು ಬಿದ್ದಿರುತ್ತೆ, ಗಾಡಿ ನೆರಳು ಸಿಕ್ರೆ ಎದ್ದು ಬಂದು ಅಲ್ಲೇ ಬೀಳುತ್ತೆ. ಅಂದಹಾಗೆ ಸ್ವಾಹಿಲಿಲಿ ಸಿಂಹಕ್ಕೆ ಸಿಂಬಾ, ಗಾಡಿಗೆ ಗಾರಿ, ಚಪಾತಿಗೆ ಚಪಾತಿ, ಚಾಗೆ ಚಾಯ್, ಎರಡನೇ ದಿನಕ್ಕೆ ಆ ಭಾಷೆ ಅರ್ಧ ಬಂದೇಬಿಡ್ತು ಅನ್ಸುತ್ತೆ.

ಈಗ ಆ ನದಿ. ಬೆಂಗಳೂರಿನ ನಮ್ಮ ಟೂರ್ ಏಜೆಂಟು "ಆಗಸ್ಟಲ್ಲಿ ಕ್ರಾಸಿಂಗ್ ಗ್ಯಾರಂಟಿ ಸಾರ್" ಅಂದಿದ್ದ, ನಾನೂ ಬೆಳಗಿನ ಜಾವದ ಅಭಿಷೇಕದ ಥರ ಅದಕ್ಕೊಂದು ಟೈಮಿಂಗ್ ಇರುತ್ತೆ ಅಂತ ನಂಬಿದ್ದೆ ಅನ್ನಿ. ವಿಷ್ಯ ಏನಂದ್ರೆ ಹತ್ತು ಲಕ್ಷಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್, ಅದ್ರ ಜೊತೆ ಲಕ್ಷಾಂತರ ಜೀಬ್ರಾ, ಗಜೆಲ್ ಅನ್ನೋ ಸಣ್ಣ ಜಿಂಕೆ, ಮಳೆ ಮತ್ತು ಹುಲ್ಲಿನ ಹಿಂದೆ ಹಿಂದೆ ಟಾಂಜಾನಿಯಾದ ಸೆರೆಂಗೆಟಿಗೂ ಮಾರಾಗೂ ವರ್ಷಪೂರ್ತಿ ಸುತ್ತುತ್ತಾ ಇರ್ತವೆ. ಜನವರಿ, ಫೆಬ್ರವರಿಲಿ ಸೆರೆಂಗೆಟಿಯ ದಕ್ಷಿಣದಲ್ಲಿ ಮರಿ ಹಾಕ್ತವೆ, ಜುಲೈಯಿಂದ ಅಕ್ಟೋಬರ್ ತನಕ ಮಾರಾ ನದಿ ಹತ್ರ ಇರ್ತವೆ. ದಾಟೋದು ಒಂದೇ ಸಲ ಅಲ್ಲ, ಆ ಕಡೆ ಮಳೆ ಬಿತ್ತು ಅಂದ್ರೆ ವಾಪಸ್ಸು, ಈ ಕಡೆ ಬಿತ್ತು ಅಂದ್ರೆ ಮತ್ತೆ ಇಲ್ಲಿಗೆ. ಯಾವಾಗ, ಯಾವ ಜಾಗದಲ್ಲಿ ಅಂತ ಅವಕ್ಕೇ ಗೊತ್ತಿರಲ್ಲ.

ನಾವು ಬೆಳಗ್ಗೆ ಒಂಬತ್ತೂವರೆಗೆ ದಡಕ್ಕೆ ಹೋಗಿ ನಿಂತ್ವಿ. ಎದುರು ದಡದಲ್ಲಿ ಸಾವಿರಗಟ್ಟಲೆ ಸೇರ್ತಾ ಇದಾವೆ, ಗೊರ್ ಗೊರ್ ಅಂತ ಎಲ್ಲಾ ಒಟ್ಟಿಗೆ ಗೊಣಗೋ ಸದ್ದು, ಧೂಳು. ಒಂದು ಜೀಬ್ರಾ ಇಳಿದು ನೀರು ಮೂಸಿ ನಿಂತ್ಕೊಳ್ತು, ಹಿಂದೆ ಎಲ್ಲವೂ ನಿಂತ್ವು, ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಮ್ಮ ಕಡೆ ಎಣಿಸಿದ್ರೆ ಮೂವತ್ತಾರು ಗಾಡಿ, ಎಲ್ಲರ ಕ್ಯಾಮೆರಾನೂ ಮೇಲೆ, ಅಷ್ಟರಲ್ಲಿ ಯಾವನೋ ಇನ್ನೂ ಚೆನ್ನಾಗಿ ಕಾಣ್ಲಿ ಅಂತ ಗಾಡಿ ಮುಂದಕ್ಕೆ ತಗೊಂಡ. ಮುಗೀತು. ಜೀಬ್ರಾ ತಿರುಗ್ತು, ಇಡೀ ಹಿಂಡು ಅದ್ರ ಹಿಂದೆ ಗುಡ್ಡ ಹತ್ತಿ ಹೋಯ್ತು. ಎರಡು ಗಂಟೆ ತನಕ ಕಾದ್ವಿ, ಬರ್ಲಿಲ್ಲ. ಆ ಗಾಡಿಯವನನ್ನ ಎಲ್ಲರೂ ಬೈದ್ರು, ನಾನೂ ಬೈದೆ, ಆಮೇಲೆ ನಾವು ಮಿಕ್ಕ ಮೂವತ್ತೈದು ಗಾಡಿಯವರು ಅಲ್ಲೇನು ತಪಸ್ಸು ಮಾಡ್ತಿದ್ವಾ ಅನ್ನಿಸ್ತು.

ಟೀವಿಗೂ ಅಲ್ಲಿಗೂ ಏನು ವ್ಯತ್ಯಾಸ ಅಂತ ಕೇಳಿದ್ರಲ್ಲ, ವಾಸನೆ. ಹಿಂದಿನ ದಾಟುವಿಕೆಲಿ ಸತ್ತವು ನದಿ ತಿರುವಲ್ಲಿ ಬಂಡೆಗಳ ಮಧ್ಯ ಉಬ್ಬಿ ಬಿದ್ದಿದ್ವು, ಮೇಲೆ ರಣಹದ್ದು, ಮರಬೂ ಕೊಕ್ಕರೆ. ನಾವೆಲ್ಲಾ ಮೊಸಳೆನೇ ವಿಲನ್ ಅಂದ್ಕೊಂಡಿರ್ತೀವಿ, ಆದ್ರೆ ನೂಕುನುಗ್ಗಲಲ್ಲಿ ಮುಳುಗಿ ಸಾಯೋದೇ ವರ್ಷಕ್ಕೆ ಸರಾಸರಿ 6,000ಕ್ಕೂ ಜಾಸ್ತಿ ಅಂತ ಆ ನದಿ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳು ಲೆಕ್ಕ ಹಾಕಿದಾರೆ, ಮೂಳೆ ಪೂರ್ತಿ ಕರಗೋಕೆ ಏಳು ವರ್ಷ ಹಿಡಿಯುತ್ತೆ, ಅಲ್ಲಿ ತನಕ ನದಿಲಿರೋ ಪಾಚಿ, ಮೀನು ಎಲ್ಲಾ ಅದ್ರ ಮೇಲೇ. ಕರ್ಚೀಫು ಮೂಗಿಗೆ ಹಿಡ್ಕೊಂಡು ತಂದಿದ್ದ ಚಿತ್ರಾನ್ನದ ಡಬ್ಬಿ ತೆಗೆಯೋಕೂ ಮನಸ್ಸಾಗ್ಲಿಲ್ಲ.

ಅವತ್ತು ಸಂಜೆ ಗೈಡಿಗೆ ಹೇಳ್ದೆ, ನಾಳೆ ಬೇರೆ ಗೈಡುಗಳು ರೇಡಿಯೋಲಿ ಹೇಳೋದು ಕೇಳ್ಕೊಂಡು ಓಡೋದು ಬೇಡ, ಎಲ್ಲಾದ್ರೂ ಒಂದು ಕಡೆ ನಿಲ್ಲಿಸು. ಅವನಿಗೆ ಖುಷಿಯಾಯ್ತೋ ಆಶ್ಚರ್ಯ ಆಯ್ತೋ, ಬೆಳಗ್ಗೆ ಆರಕ್ಕೇ ಹೊರಟು ಒಂದು ಹುತ್ತದಿಂದ ಸುಮಾರು ದೂರದಲ್ಲಿ ಗಾಡಿ ಆಫ್ ಮಾಡ್ದ. ಹುತ್ತದ ಮೇಲೆ ಚೀತಾ, ಕೆಳಗೆ ಮೂರು ಮರಿ. ಇದು ನಮ್ಮ ಚಿರತೆ ಅಲ್ಲ ಮತ್ತೆ, ಹಳಬರು ಸಿವಂಗಿ ಅಂತಿದ್ರಲ್ಲ ಅದು, ನಮ್ಮ ದೇಶದಲ್ಲಿ 1952ರಲ್ಲೇ ನಿರ್ನಾಮ ಅಂತ ಘೋಷಣೆ ಆಗಿದ್ದು. ಒಂದು ಗಂಟೆ ಅದು ಕತ್ತು ತಿರುಗಿಸೋದು ಬಿಟ್ರೆ ಏನೂ ಮಾಡ್ಲಿಲ್ಲ. ಮರಿಗಳು ಹಕ್ಕಿ ಥರ ಚಿಂವ್ ಚಿಂವ್ ಅಂತವೆ, ನಾನು ಮೊದಲು ಮರದ ಕಡೆ ನೋಡ್ದೆ. ಆಮೇಲೆ ಇಳಿದು ಹುಲ್ಲಲ್ಲಿ ಮಾಯ ಆಯ್ತು, ಗಜೆಲ್ ಹಿಂದೆ ಓಡ್ತು, ಎಣಿಸಿ ಹತ್ತು ಸೆಕೆಂಡು, ಗಜೆಲ್ ಚಕ್ಕಂತ ಪಕ್ಕಕ್ಕೆ ತಿರುಗಿ ತಪ್ಪಿಸ್ಕೊಂಡ್ಬಿಡ್ತು. ಚೀತಾ ಏದುಸಿರು ಬಿಡ್ತಾ ಬಂದು ಮರಿಗಳ ಹತ್ರ ಕೂತ್ಕೊಳ್ತು. ಅಷ್ಟೇ. ನಂಗೆ ಇಡೀ ಟ್ರಿಪ್ಪಲ್ಲಿ ಇವತ್ತಿಗೂ ಕಣ್ಮುಂದೆ ಬರೋದು ಆ ಏದುಸಿರು. ಆಮೇಲೆ ಎರಡು ಗಾಡಿ ಬಂತು, ನಾಲ್ಕಾಯ್ತು, ಗೈಡು "ನಾವು ಹೋಗೋಣ" ಅಂದ. ಮಾರಾದಲ್ಲೇ ಮಾಡಿದ ಒಂದು ಅಧ್ಯಯನದಲ್ಲಿ ಟೂರಿಸ್ಟ್ ಗಾಡಿ ಜಾಸ್ತಿ ಇರೋ ಕಡೆ ಚೀತಾ ಮರಿ ಬದುಕೋದು ತುಂಬಾನೇ ಕಮ್ಮಿ ಅಂತ ಬಂದಿದೆ, ಅದನ್ನ ಊರಿಗೆ ಬಂದ್ಮೇಲೆ ಓದ್ದೆ.

ಹಂಗಾಗಿ ಬಿಗ್ ಫೈವ್ (ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ) ಲಿಸ್ಟ್ ಹಿಡ್ಕೊಂಡು ಹೋಗ್ಬೇಡಿ, ಅದು ಹಳೇ ಬೇಟೆಗಾರರು ನಡ್ಕೊಂಡು ಹೋಗಿ ಹೊಡೆಯೋಕೆ ಕಷ್ಟ ಅಂತ ಮಾಡಿದ ಲಿಸ್ಟು, ಕೀನ್ಯಾದಲ್ಲಿ ಬೇಟೆನೇ 1977ರಲ್ಲಿ ಬ್ಯಾನ್ ಆಗಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ದಾಯಾದಿ ಒಂದಿದೆ ಅಲ್ಲಿ, ಎದೆ ನೇರಳೆ ಬಣ್ಣ, ಬೇಲಿ ಬೇಲಿಗೂ ಕೂತಿರುತ್ತೆ, ಅದಕ್ಕೆ ಯಾವ ಗಾಡಿನೂ ನಿಲ್ಲಲ್ಲ.

ದುಡ್ಡಿನ ವಿಷ್ಯ. ನಾವು ಹೋದಾಗ ಮಾರಾ ಎಂಟ್ರಿನೇ ಒಬ್ಬರಿಗೆ ದಿನಕ್ಕೆ 200 ಡಾಲರ್ ಇತ್ತು ಜುಲೈಯಿಂದ ಡಿಸೆಂಬರ್‌ಗೆ, ಜನವರಿಯಿಂದ ಜೂನ್‌ಗೆ 100. ಕ್ರಾಸಿಂಗ್ ಹುಚ್ಚಿಲ್ಲ ಅಂದ್ರೆ ಫೆಬ್ರವರಿ ನೋಡಿ, ಎಂಟ್ರಿಲಿ ಅರ್ಧ ಉಳಿಯುತ್ತೆ, ಸಿಂಹ ಚೀತಾ ಎಲ್ಲೂ ಹೋಗಿರಲ್ಲ. ಸ್ವಲ್ಪ ಜಾಸ್ತಿ ದುಡ್ಡಿದ್ರೆ ರಿಸರ್ವ್ ಪಕ್ಕದ ಕನ್ಸರ್ವೆನ್ಸಿಗಳಲ್ಲಿ ಉಳ್ಕೊಳ್ಳಿ, ನಬೋಯಿಶೋ, ಓಲಾರೆ ಮೊಟೊರೊಗಿ ಅಂತ, ಮಸಾಯ್ ಜನ ಅವರದೇ ಜಮೀನು ಲೀಸಿಗೆ ಕೊಟ್ಟು ಮಾಡಿರೋದು, ಗಾಡಿ ಸಂಖ್ಯೆಗೆ ಮಿತಿ ಇರುತ್ತೆ. ಐದೇ ದಿನ ಇದ್ರೆ ಮಾರಾ ಜೊತೆ ನಕುರು, ಅಂಬೊಸೆಲಿ ಪಾರ್ಕು ಅಂತ ಮೂರು ಕಡೆ ಸುತ್ತೋಕೆ ಹೋಗ್ಬೇಡಿ, ನೈರೋಬಿಯಿಂದ ಮಾರಾಗೇ ಐದಾರು ಗಂಟೆ ರಸ್ತೆ. ಯೆಲ್ಲೋ ಫೀವರ್ ಲಸಿಕೆ ಹೊರಡೋಕೆ ಹತ್ತು ದಿನ ಮುಂಚೆನೇ ಹಾಕ್ಸಿ, ಕಾರ್ಡ್ ಇಲ್ಲದೆ ವಾಪಸ್ ಬಂದ್ರೆ ಇಲ್ಲಿ ಏರ್‌ಪೋರ್ಟಿಂದ ಸೀದಾ ಕ್ವಾರಂಟೈನ್. ಪ್ಲಾಸ್ಟಿಕ್ ಕವರ್ ಒಯ್ಯಬೇಡಿ, ಅಲ್ಲಿ 2017ರಿಂದ ನಿಷೇಧ. ಕಡುನೀಲಿ, ಕಪ್ಪು ಬಟ್ಟೆ ಬೇಡ, ಸೆಟ್ಸಿ ನೊಣ ಹುಡ್ಕೊಂಡು ಬಂದು ಕಚ್ಚುತ್ತೆ.

ಊಟಕ್ಕೆ ಭಯ ಬೇಡ, ಮುಸುಕಿನ ಜೋಳದ ಹಿಟ್ಟಿಂದು ಉಗಾಲಿ ಅಂತ ಬಿಳಿ ಮುದ್ದೆ ಸಿಗುತ್ತೆ, ಸೊಪ್ಪಿನ ಪಲ್ಯದ ಜೊತೆ, ನಂಗೆ ಹಿಡಿಸ್ತು. ಏಜೆಂಟು ಕ್ರಾಸಿಂಗ್ ಗ್ಯಾರಂಟಿ ಅಂದ್ರೆ ಫೋನ್ ಇಟ್ಬಿಡಿ. ಮತ್ತೆ ಸ್ವೆಟರ್. ಸಮುದ್ರಮಟ್ಟದಿಂದ 1,500 ಮೀಟರ್ ಮೇಲಿರೋ ಜಾಗ, ಬೆಳಗ್ಗೆ ಆರಕ್ಕೆ ಓಪನ್ ಗಾಡಿಲಿ ಹಲ್ಲು ಕಟಕಟ ಅಂತವೆ. ಆಫ್ರಿಕಾ ಅಂದ್ರೆ ಬಿಸಿಲು, ಸ್ವೆಟರ್ ಯಾಕೆ ಅಂತ ಸೂಟ್‌ಕೇಸಿಂದ ತೆಗೆಸಿಟ್ಟವನು ನಾನೇ, ನಮ್ಮವಳು ಇವತ್ತಿಗೂ ಬಿಟ್ಟಿಲ್ಲ.