ಮಿಲ್ಲರ್ ಪ್ರಯೋಗ ಸುಳ್ಳು ಅನ್ನುವವರಿಗೆ ಚಿಕ್ಕಮಗಳೂರಿನ ಕಲ್ಲು

ನಿಮ್ಮ ಮಗಳು ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ, ಜೀವಕ್ಕೆ ಬೇಕಾದ ವಸ್ತುಗಳು ತಾವಾಗಿಯೇ ಹುಟ್ಟಬಹುದಾ ಅಂತ ನೋಡಿದ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗ ಓದುತ್ತಿದ್ದಾಳೆ. ಅದು ಸುಳ್ಳು ಅಂತ ಯಾವಾಗಲೋ ಸಾಬೀತಾಗಿದೆ ಎಂದು ಯೂಟ್ಯೂಬಿನಲ್ಲಿ ಯಾರೋ ಹೇಳಿದರು. ನಾನೂರು ಕೋಟಿ ವರ್ಷದ ಹಿಂದಿನ ಗಾಳಿಯಲ್ಲಿ ಏನಿತ್ತು ಅಂತ ಯಾರಿಗೆ ತಾನೇ ಗೊತ್ತಾಗಲು ಸಾಧ್ಯ ಅನ್ನುವುದು ನಿಮ್ಮ ಪ್ರಶ್ನೆ. ಹಾಸನದವರು ಅಂತ ಬರೆದಿದ್ದೀರಿ. ಒಳ್ಳೆಯದಾಯಿತು, ಉತ್ತರದ ಒಂದು ಭಾಗ ನಿಮ್ಮಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲೇ ಇದೆ.

ನಾನು ಚಿಕ್ಕಮಗಳೂರಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಕಲ್ಲಿನ ಹುಚ್ಚು ಆಮೇಲೆ ಹತ್ತಿದ್ದು. ಆ ವಿಡಿಯೋದವರು ಹೇಳಿದ್ದು ಅರ್ಧ ಸರಿ. ಮಿಲ್ಲರ್ ಆರಿಸಿಕೊಂಡ ಅನಿಲಗಳು ಬಹುಶಃ ಆಗಿನ ಗಾಳಿಗೆ ಹೊಂದುವುದಿಲ್ಲ. ಆದರೆ ಆ ಪ್ರಯೋಗದ ಬುಡ ಇರುವುದು ಬೇರೆ ಕಡೆ: ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವುದರಲ್ಲಿ. ಆ ಬುಡ ಇವತ್ತಿಗೂ ಅಲ್ಲಾಡಿಲ್ಲ.

ಮೊದಲು ಪ್ರಯೋಗ ಏನು ಅಂತ ನೋಡೋಣ. ಆಮ್ಲಜನಕವಿಲ್ಲದ ಗಾಳಿಯಲ್ಲಿ, ಬಿಸಿಲು ಮಿಂಚುಗಳ ಶಕ್ತಿಯಿಂದ, ಜೀವಕ್ಕೆ ಬೇಕಾದ ವಸ್ತುಗಳು ತಾವಾಗಿಯೇ ಹುಟ್ಟಿರಬಹುದು ಎಂದು 1920ರ ದಶಕದಲ್ಲೇ ರಷ್ಯಾದ ಒಪಾರಿನ್, ಇಂಗ್ಲೆಂಡಿನ ಹಾಲ್ಡೇನ್ ಬೇರೆಬೇರೆಯಾಗಿ ಬರೆದಿದ್ದರು. (ಹಾಲ್ಡೇನ್ ಮುಂದೆ ನಮ್ಮ ದೇಶಕ್ಕೇ ಬಂದು ನೆಲೆಸಿದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಷಿಕಾಗೋದಲ್ಲಿ ಹೆರಾಲ್ಡ್ ಯೂರಿ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಮಿಲ್ಲರ್ ಅದನ್ನು ಮಾಡಿಯೇ ನೋಡಿದ. ಗಾಜಿನ ಫ್ಲಾಸ್ಕುಗಳು, ಕುದಿಯುವ ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್. ಮಿಂಚಿನ ಬದಲು ಕರೆಂಟಿನ ಕಿಡಿ. ಒಂದು ವಾರ ಬಿಟ್ಟ. ನೀರಿನಲ್ಲಿ ಗ್ಲೈಸೀನ್, ಅಲನೀನ್‌ನಂಥ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಇಟ್ಟಿಗೆಗಳು, ಸಿಕ್ಕಿದವು. 1953ರ ಮೇ ತಿಂಗಳಲ್ಲಿ ಅದು ಪ್ರಕಟವಾದಾಗ ಅವನಿಗೆ 23 ವರ್ಷ. ನೊಬೆಲ್ ಪಡೆದಿದ್ದ ಯೂರಿ, ಪ್ರಬಂಧದಲ್ಲಿ ತಮ್ಮ ಹೆಸರು ಬೇಡ ಅಂದರು. ಹಾಕಿದರೆ ಕೀರ್ತಿಯೆಲ್ಲ ತಮಗೇ ಬಂದುಬಿಡುತ್ತದೆ, ಹುಡುಗನಿಗೆ ಏನೂ ಉಳಿಯುವುದಿಲ್ಲ ಅಂತ. ಇಂಥ ಗೈಡು ಸಿಗುವುದು ಕಷ್ಟ ಅಲ್ವಾ!

ಇನ್ನು ತಕರಾರು. ಆದಿಕಾಲದ ಗಾಳಿ ಬಂದದ್ದು ಹೆಚ್ಚಾಗಿ ಜ್ವಾಲಾಮುಖಿಗಳಿಂದ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ 440 ಕೋಟಿ ವರ್ಷದಷ್ಟು ಹಳೆಯ ಜಿರ್ಕಾನ್ ಹರಳುಗಳು ಸಿಕ್ಕಿವೆ. ಅಲ್ಲಿನ ಹಳೆಯ ಹರಳುಗಳನ್ನು ಪರೀಕ್ಷಿಸಿದವರು 2011ರಲ್ಲಿ ಹೇಳಿದ್ದು, ಆಗಿನ ಶಿಲಾಪಾಕ (ನೆಲದಾಳದ ಕರಗಿದ ಕಲ್ಲು) ಹೆಚ್ಚುಕಡಿಮೆ ಈಗಿನ ಹಾಗೇ ಇತ್ತು ಅಂತ. ಹಾಗಿದ್ದರೆ ಅದರಿಂದ ಹೊರಬರುವುದು ಮುಖ್ಯವಾಗಿ ನೀರಾವಿ, ಕಾರ್ಬನ್ ಡೈಆಕ್ಸೈಡ್, ಸಾರಜನಕ. ಮೀಥೇನ್, ಅಮೋನಿಯಾ ಜಾಸ್ತಿ ಇರುವುದಿಲ್ಲ. ಆ ಅನಿಲಗಳನ್ನು ಹಾಕಿ ಕಿಡಿ ಹಾರಿಸಿದರೆ ಅಮೈನೋ ಆಮ್ಲ ತೀರಾ ಕಡಿಮೆ. ಇದನ್ನು 1980ರ ದಶಕದಲ್ಲಿ ಮಾಡಿ ತೋರಿಸಿದವರು ಯಾರು ಗೊತ್ತಾ? ಮಿಲ್ಲರ್ ಅವರೇ. ವಿಡಿಯೋ ಮಾಡುವವರು ಇದನ್ನು ಮಾತ್ರ ಹೇಳುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಿಲ್ಲರ್ 2007ರಲ್ಲಿ ತೀರಿಕೊಂಡರು. ಅವರ ಶಿಷ್ಯ ಜೆಫ್ರಿ ಬಾಡಾ ಮತ್ತು ಜೊತೆಗಾರರು 2008ರಲ್ಲಿ ಎರಡು ಸಂಗತಿ ಹೊರಗೆ ತಂದರು. 1950ರ ದಶಕದ ಹಳೇ ಸೀಸೆಗಳನ್ನು ಹೊಸ ಯಂತ್ರದಲ್ಲಿ ನೋಡಿದರೆ, ಜ್ವಾಲಾಮುಖಿಯ ಹಬೆಯನ್ನು ಅನುಕರಿಸಿದ ಒಂದು ಪ್ರಯೋಗದಲ್ಲಿ 22 ಅಮೈನೋ ಆಮ್ಲಗಳಿದ್ದವು. ಎರಡನೆಯದು ನನಗೆ ಇನ್ನೂ ಇಷ್ಟ. ಕಾರ್ಬನ್ ಡೈಆಕ್ಸೈಡ್–ಸಾರಜನಕದ ಪ್ರಯೋಗದಲ್ಲಿ ನೈಟ್ರೈಟ್ ಮತ್ತು ಆಮ್ಲ ಹುಟ್ಟುತ್ತವೆ. ಹುಟ್ಟಿದ ಅಮೈನೋ ಆಮ್ಲವನ್ನು ಅವೇ ಹಾಳು ಮಾಡುತ್ತವೆ. ಆಮ್ಲವನ್ನು ಸುಣ್ಣದಂಥದ್ದರಿಂದ ತಗ್ಗಿಸಿ, ಉತ್ಕರ್ಷಣೆ (ಆಕ್ಸಿಡೇಶನ್) ತಡೆಯುವ ಏನನ್ನಾದರೂ ಸೇರಿಸಿದರೆ ಅವು ಚೆನ್ನಾಗಿಯೇ ಸಿಗುತ್ತವೆ. ಆಗಿನ ಸಮುದ್ರದಲ್ಲಿ ಆ ಕೆಲಸವನ್ನು ಕರಗಿದ ಕಬ್ಬಿಣ ಮಾಡಿರಬಹುದು. ಕರಗಿದ ಕಬ್ಬಿಣ ನೀರಿನಲ್ಲಿ ಹಾಗೇ ಇರಬೇಕಾದರೆ ಆಮ್ಲಜನಕ ಇರಬಾರದು.

ಆಮ್ಲಜನಕ ಇರಲಿಲ್ಲ ಅಂತ ಹೇಗೆ ಗೊತ್ತು? ಇಲ್ಲಿ ನಮ್ಮೂರು ಬರುತ್ತದೆ.

ಚಿಕ್ಕಮಗಳೂರಿನ ಅಂಚಿನಲ್ಲೇ ಇರುವ ಕರ್ತಿಕೆರೆಯ ಹೆಸರು ಊರಿನವರಿಗಿಂತ ಭೂವಿಜ್ಞಾನಿಗಳಲ್ಲೇ ಹೆಚ್ಚು ಪ್ರಸಿದ್ಧ. ಬಾಬಾಬುಡನ್ ಶಿಲಾಸಮೂಹದ (ಇಲ್ಲಿನ ಬೆಟ್ಟಸಾಲಿನ ಕಲ್ಲುಪದರಗಳ ರಾಶಿ) ತಳದ ಒಂದು ಪದರ ಅಲ್ಲಿ ಕಾಣುತ್ತದೆ. ಬಿಳಿ ಬೆಣಚುಕಲ್ಲಿನ ಉರುಟು ಹರಳುಕಲ್ಲುಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಕಲ್ಲು ಅದು. ಒಂದು ಕಾಲದ ಹೊಳೆಯ ಜಲ್ಲಿ. ವಯಸ್ಸು ಸುಮಾರು 290 ಕೋಟಿ ವರ್ಷ. ಈ ತಳಪದರದ ಜಲ್ಲಿಯ ನಡುವೆ ಪೈರೈಟ್ ಕಾಳುಗಳಿವೆ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದ ಹಾಗೆ ಹೊಳೆಯುವ ಖನಿಜ. ಕಲ್ಲಿನೊಳಗೆ ಆಮೇಲೆ ಬೆಳೆದ ಪೈರೈಟಿಗೆ ಚೂಪು ಮೂಲೆಗಳಿರುತ್ತವೆ. ಇಲ್ಲಿ ಮರಳಿನ ಜೊತೆ ಉರುಳಿ ಸವೆದ ಕಾಳುಗಳೂ ಇವೆ. ಅಂದರೆ ಹೊಳೆ ಅವನ್ನು ಹೊತ್ತು ತಂದಿದೆ.

ಈಗ ಪೈರೈಟನ್ನು ನಮ್ಮ ಮಲೆನಾಡಿನ ಮಳೆಯಲ್ಲಿ ಇಟ್ಟು ನೋಡಿ. ಗಾಳಿ, ನೀರು ಎರಡೂ ತಾಗಿದರೆ ಅದು ತುಕ್ಕಾಗುತ್ತದೆ, ಗಂಧಕಾಮ್ಲ ಬಿಡುತ್ತದೆ. ಹೇಮಾವತಿಯಲ್ಲೋ ಭದ್ರೆಯಲ್ಲೋ ದೂರ ಉರುಳಿ ಬಂದ ಪೈರೈಟ್ ಮರಳು ರಾಶಿಯಾಗಿ ಕೂತಿರುವುದನ್ನು ಯಾರೂ ನೋಡಿಲ್ಲ. ಆಗ ಉಳಿದಿದೆ ಅಂದರೆ ಗಾಳಿಯಲ್ಲಿ ಅದನ್ನು ತಿನ್ನುವ ಆಮ್ಲಜನಕ ಇರಲಿಲ್ಲ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳ ಜಲ್ಲಿಕಲ್ಲಿನಲ್ಲೂ ಇದೇ ಸಾಕ್ಷಿ, ಜೊತೆಗೆ ಯುರನಿನೈಟ್ (ಆಮ್ಲಜನಕ ತಾಗಿದರೆ ಉಳಿಯದ, ಯುರೇನಿಯಂ ಇರುವ ಖನಿಜ) ಕೂಡ.

ಇದಕ್ಕೂ ಒಂದು ಆಕ್ಷೇಪ ಇತ್ತು. ಈಗಿನ ಸಿಂಧೂ ನದಿಯ ಮರಳಲ್ಲೂ ಯುರನಿನೈಟ್ ಕಾಳು ಸಿಕ್ಕಿದೆ. ಚಳಿಯ ಬೆಟ್ಟದಿಂದ ಬೇಗ ಕೆಳಗಿಳಿದರೆ ಕೆಲವು ಕಾಳು ಪಾರಾಗಬಹುದು. ನ್ಯಾಯವಾದ ಮಾತು. ಅದಕ್ಕೆ ಉತ್ತರ 2000ದಲ್ಲಿ ಗಂಧಕದಿಂದ ಬಂತು. ಸುಮಾರು 240 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳಲ್ಲಿ ಗಂಧಕದ ಐಸೊಟೋಪುಗಳ (ಬೇರೆಬೇರೆ ತೂಕದ ಪರಮಾಣುಗಳ) ಲೆಕ್ಕ ವಿಚಿತ್ರವಾಗಿದೆ. ಆಮ್ಲಜನಕವಿಲ್ಲದೆ ಓಝೋನ್ ಕೂಡ ಇಲ್ಲದ ಗಾಳಿಯಲ್ಲಿ ನೇರಳಾತೀತ ಕಿರಣ ಒಳಗೆ ನುಗ್ಗಿದಾಗ ಹುಟ್ಟುವ ಗುರುತು ಅದು. ಆಮೇಲಿನ ಕಲ್ಲುಗಳಲ್ಲಿ ಆ ಗುರುತು ಇಲ್ಲ. ಇದನ್ನು ಜೇಮ್ಸ್ ಫಾರ್ಕ್ವಾರ್ ತಂಡ ತೋರಿಸಿದ ಮೇಲೆ ಜಗಳ ಬಹಳ ಮಟ್ಟಿಗೆ ನಿಂತಿತು.

ಕರ್ತಿಕೆರೆಯ ಪದರಕ್ಕಿಂತ ಮೇಲೆ ಲಾವಾ, ಮರಳುಗಲ್ಲು, ಇನ್ನೂ ಮೇಲೆ ಮುಳ್ಳಯ್ಯನಗಿರಿ–ಬಾಬಾಬುಡನಗಿರಿ ಸಾಲಿನ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು. ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತದ್ದು ಅದು. ಕಬ್ಬಿಣವನ್ನು ಹಾಗೆ ಕೂರಿಸಿದ್ದು ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕವಾ, ಆಮ್ಲಜನಕವೇ ಇಲ್ಲದೆ ಬೆಳಕಿನಲ್ಲಿ ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾವಾ ಅನ್ನುವ ಚರ್ಚೆ ಇನ್ನೂ ನಡೆದಿದೆ. ಕೆಮ್ಮಣ್ಣುಗುಂಡಿಯ ಕೆಂಪು ಮಾತ್ರ ಬಹಳ ಈಚಿನದು, ಮಳೆ ಗಾಳಿ ತಾಗಿ ಆದದ್ದು.

ಒಂದು ಎಚ್ಚರಿಕೆ. ಈ ಕಲ್ಲುಗಳು ಜೀವ ಹುಟ್ಟಿದ್ದನ್ನು ನೋಡಿಲ್ಲ. ಆಸ್ಟ್ರೇಲಿಯಾದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ಪದರಗಲ್ಲುಗಳು ಸುಮಾರು 343 ಕೋಟಿ ವರ್ಷದವು, ಕರ್ತಿಕೆರೆಗಿಂತ ಐವತ್ತು ಕೋಟಿ ವರ್ಷ ಹಳೆಯವು. ನಿಮ್ಮ ಹಾಸನದ ಗೊರೂರಿನ ನೈಸ್ ಶಿಲೆ ಕೂಡ ಕರ್ತಿಕೆರೆಗಿಂತ ಹಳೆಯದು ಅಂತ ಹೆಮ್ಮೆ ಪಡಬಹುದು. 1980ರಲ್ಲಿ ಅಳೆದಾಗ 336 ಕೋಟಿ ವರ್ಷ ಬಂತು. ಆದರೆ ಅದು ನೆಲದಾಳದಲ್ಲಿ ಕಾದು, ಮಡಚಿಕೊಂಡ ಕಲ್ಲು. ಗಾಳಿಯ ಸುದ್ದಿ, ಜೀವದ ಸುದ್ದಿ ಅದರಲ್ಲಿ ಹುಡುಕಬೇಡಿ. ಚಿಕ್ಕಮಗಳೂರಿನ ಕಲ್ಲು ಹೇಳುವುದು ಇಷ್ಟೇ: ಜೀವ ಬಂದು ಅಷ್ಟು ಕಾಲವಾದ ಮೇಲೂ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ. ಅದನ್ನು ತಯಾರಿಸುವುದೇ ಜೀವಿಗಳು, ಹಾಗಾಗಿ ಅದಕ್ಕೂ ಮುಂಚೆ ಇದ್ದಿರುವ ಸಾಧ್ಯತೆ ತೀರಾ ಕಡಿಮೆ.

ಅಮೈನೋ ಆಮ್ಲದಿಂದ ಜೀವಕೋಶಕ್ಕೆ ಹೋದದ್ದು ಹೇಗೆ ಅನ್ನುವುದು ಬೇರೆಯೇ ಪ್ರಶ್ನೆ. ಮಿಲ್ಲರ್ ಅದನ್ನು ಬಿಡಿಸಿಲ್ಲ, ಬಿಡಿಸಿದೆ ಅಂತ ಹೇಳಿಕೊಳ್ಳಲೂ ಇಲ್ಲ.

ಮಗಳಿಗೆ ಒಂದು ಮಾತು. ಪಠ್ಯಪುಸ್ತಕದಲ್ಲಿ ಫ್ಲಾಸ್ಕಿನ ಉಷ್ಣತೆ 800 ಡಿಗ್ರಿ ಅಂತಿದೆ. ಮಿಲ್ಲರ್ ಮಾಡಿದ್ದು ಸುಮ್ನೆ ನೀರು ಕುದಿಸಿದ್ದು, ಅಷ್ಟು ಬಿಸಿ ಅಲ್ಲ. ಆದರೂ ಬೋರ್ಡ್ ಪರೀಕ್ಷೆಯಲ್ಲಿ, ನೀಟ್‌ನಲ್ಲಿ 800 ಅಂತಲೇ ಬರೆಯಲಿ, ಮಾರ್ಕ್ಸ್ ಕೊಡುವವರು ಪುಸ್ತಕ ನೋಡಿಯೇ ಕೊಡುತ್ತಾರೆ.